ಕೊಪ್ಪದ ಹುಡುಗ ಯಾವ ವಲಯದವನು?

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿ ಹೈಸ್ಕೂಲು ಓದುವ ಹುಡುಗ ಒಬ್ಬನೇ ಆದರೂ ನಾಲ್ಕು ಕಡೆಗೆ ಸೇರಿದವನು. ಶಾಲಾ ಕ್ರೀಡಾಕೂಟದಲ್ಲಿ ಓಡಿ ಗೆದ್ದರೆ ಮೈಸೂರು ವಿಭಾಗದವನು. ಕ್ರಿಕೆಟ್ ಬ್ಯಾಟು ಹಿಡಿದರೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಶಿವಮೊಗ್ಗ ವಲಯದವನು. ಪಿಯುಸಿ ಮುಗಿಸಿ ಹತ್ತಿರದ ಪದವಿ ಕಾಲೇಜು ಸೇರಿದರೆ ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ ಆಡಬೇಕು. ಹದಿನೆಂಟು ತುಂಬಿ ಓಟು ಹಾಕುವಾಗ ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮತದಾರ. ಕೈಕಾಲು ಮುರಿದುಕೊಂಡರೆ ಮಾತ್ರ ಮಣಿಪಾಲವೋ ಶಿವಮೊಗ್ಗವೋ, ಯಾವುದು ಬೇಗ ಸಿಗುತ್ತದೋ ಅದು. ಅದಕ್ಕೆ ಯಾವ ವಲಯವೂ ಅಡ್ಡ ಬರುವುದಿಲ್ಲ.

ಅಲ್ಲಿಂದ ತುಸು ದೂರ ಹೋಗಿ ತೀರ್ಥಹಳ್ಳಿ ತಾಲ್ಲೂಕಿನ ಗಡಿ ದಾಟಿ. ಅದೇ ತುಂಗೆ, ಅದೇ ಅಡಿಕೆ ತೋಟ, ಅದೇ ಮಳೆ. ಆದರೆ ಆ ಊರಿನ ಹುಡುಗ ಶಾಲಾ ಆಟಗಳಿಗೆ ಬೆಂಗಳೂರು ವಿಭಾಗಕ್ಕೆ ಸೇರುತ್ತಾನೆ; ಕೋಲಾರ, ತುಮಕೂರು, ಚಿತ್ರದುರ್ಗದವರ ಎದುರು ಆಡುತ್ತಾನೆ. ನಮ್ಮವನು ಮಂಗಳೂರು, ಉಡುಪಿ, ಮೈಸೂರು, ಕೊಡಗಿನವರ ಎದುರು. ಕಂದಾಯದ ಆಡಳಿತಕ್ಕೆಂದು ಎಳೆದ ಗೆರೆಯನ್ನೇ ಕ್ರೀಡೆಗೂ ಬಳಸಿಕೊಂಡು ಬಂದಿದ್ದೇವೆ. ಇಬ್ಬರಲ್ಲಿ ಯಾರಿಗೆ ಅನುಕೂಲ, ಯಾರಿಗೆ ಅನ್ಯಾಯ ಎಂದು ಗೆರೆ ಎಳೆದವರು ಯೋಚಿಸಿರಲಿಕ್ಕಿಲ್ಲ. ಯೋಚಿಸುವ ಅಗತ್ಯವೂ ಅವರಿಗಿರಲಿಲ್ಲ.

ಪ್ರತಿಭೆ ಯಾವ ಊರಿಗೆ ಸೇರಿದ್ದು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಕುವೆಂಪು ಅವರನ್ನೇ ನೋಡಿ. 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಓದಿ, ಪಾಠ ಹೇಳಿ, ಹೆಸರು ಮಾಡಿದ್ದು ಮೈಸೂರಿನಲ್ಲಿ. ಆಟಗಾರರಾಗಿದ್ದರೆ ಮೂರು ತಂಡಗಳು ಹಕ್ಕು ಸಾಧಿಸಲು ಬರುತ್ತಿದ್ದವು. ಕವಿಯಾದ್ದರಿಂದ ಮೂರೂ ಕಡೆಯವರು ‘ನಮ್ಮವರು’ ಎಂದುಕೊಂಡು ನೆಮ್ಮದಿಯಾಗಿದ್ದಾರೆ.

ಆಟದಲ್ಲಿ ಆ ನೆಮ್ಮದಿ ಇಲ್ಲ. ಇಂಥ ಗೆರೆಗಳನ್ನೇ ಹಿಡಿದುಕೊಂಡು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಜಗಳವಾಡುತ್ತಿರುವ ದೇಶ ಒಂದಿದೆ, ಆಸ್ಟ್ರೇಲಿಯಾ. ಅಲ್ಲಿನ ಜನರ ಹುಚ್ಚು ಕ್ರಿಕೆಟ್ ಎಂದು ನಾವು ತಿಳಿದಿದ್ದೇವೆ. ಆದರೆ ಮೆಲ್ಬರ್ನ್ ನಗರದಲ್ಲಿ ಚಳಿಗಾಲ ಬಂತೆಂದರೆ ಮಾತೆಲ್ಲ ಅವರದೇ ಫುಟ್‌ಬಾಲಿನದು. ಕ್ರಿಕೆಟ್ ಅಂಗಳದಂಥ ದೊಡ್ಡ ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು, ಒಂದು ಕಡೆಗೆ ಹದಿನೆಂಟು ಜನ. 1960ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ರಾಜ್ಯದ ಲೀಗ್, ಹಳ್ಳಿಗಾಡನ್ನು ತುಂಡು ಮಾಡಿ ಪ್ರತಿಯೊಂದು ಕ್ಲಬ್ಬಿಗೂ ಒಂದೊಂದು ವಲಯ ಕೊಟ್ಟಿತು. ಆ ವಲಯದಲ್ಲಿ ಬೆಳೆದ ಹುಡುಗನ ಮೇಲೆ ಆ ಕ್ಲಬ್ಬಿಗೇ ಹಕ್ಕು. ಶ್ರೀಮಂತ ಕ್ಲಬ್ಬುಗಳು ಹಣ ಸುರಿದು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎನ್ನುವುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ.

ಆದರೆ ಆದದ್ದೇ ಬೇರೆ. ಎಲ್ಲ ನೆಲದಲ್ಲೂ ಒಂದೇ ಬೆಳೆ ಬರುವುದಿಲ್ಲವಲ್ಲ. ಹಾಥಾರ್ನ್ ಎಂಬ ಕ್ಲಬ್ಬಿನ ಪಾಲಿಗೆ ಬಂದದ್ದು ಮಾರ್ನಿಂಗ್ಟನ್ ಪರ್ಯಾಯ ದ್ವೀಪ ಮತ್ತು ಅದರ ಆಚೀಚಿನ ಪ್ರದೇಶ. ಮೆಲ್ಬರ್ನ್ ನಗರ ಬೆಳೆಯುತ್ತ ಬೆಳೆಯುತ್ತ ಆ ಕಡೆಗೇ ಹಬ್ಬಿತು. ಹುಡುಗರ ಸಂಖ್ಯೆ ಏರಿತು. 1971, 1976, 1978, 1983, 1986, ಹೀಗೆ ಪ್ರಶಸ್ತಿಯ ಮೇಲೆ ಪ್ರಶಸ್ತಿ. ಬಡ ವಲಯ ಸಿಕ್ಕ ಕ್ಲಬ್ಬುಗಳು ಕೈಕೈ ಹಿಸುಕಿಕೊಂಡವು. ಗೆರೆ ಎಳೆದಾಗ ಸಮನಾಗಿ ಕಂಡ ತುಂಡುಗಳು ಹತ್ತು ವರ್ಷಕ್ಕೆ ಸಮನಾಗಿ ಉಳಿಯಲಿಲ್ಲ, ಗೆರೆ ಮಾತ್ರ ಅಲ್ಲಾಡಲಿಲ್ಲ. 1986ರಲ್ಲಿ ಆ ವ್ಯವಸ್ಥೆಯ ಬದಲಿಗೆ ರಾಷ್ಟ್ರೀಯ ಡ್ರಾಫ್ಟ್ ಬಂತು. ಆಗಷ್ಟೇ ಮುಗಿದ ಋತುವಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ.

ಅಲ್ಲಿಗೂ ಮುಗಿಯಲಿಲ್ಲ. ಸಿಡ್ನಿ, ಬ್ರಿಸ್ಬೇನ್ ಕಡೆ ರಗ್ಬಿಯದೇ ಕಾರುಬಾರು. ಅಲ್ಲಿ ಈ ಆಟಕ್ಕೆ ಮಕ್ಕಳು ಬರುವುದೇ ಕಡಿಮೆ. ಹಾಗಾಗಿ 2010ರ ಹೊತ್ತಿಗೆ ಉತ್ತರದ ನಾಲ್ಕು ಕ್ಲಬ್ಬುಗಳಿಗೆ ಸ್ವಂತ ಅಕಾಡೆಮಿ ನಡೆಸಲು ಬಿಟ್ಟರು. ನೀವೇ ಹುಡುಕಿ, ನೀವೇ ಬೆಳೆಸಿ, ಡ್ರಾಫ್ಟಿನಲ್ಲಿ ಮೊದಲ ಹಕ್ಕೂ ನಿಮ್ಮದೇ ಎಂಬ ಕರಾರು. 2014ರಲ್ಲಿ ಸಿಡ್ನಿ ತನ್ನ ಅಕಾಡೆಮಿಯ ಐಸಾಕ್ ಹೀನಿಯನ್ನು ಹದಿನೆಂಟನೇ ಆಯ್ಕೆಯ ಬೆಲೆಗೆ ಪಡೆಯಿತು. ಅವನು ಅದಕ್ಕಿಂತ ಎಷ್ಟೋ ಮೇಲಿನವನು ಎಂದು ಉಳಿದವರು ಬೊಬ್ಬೆ ಹಾಕಿದರು. ಮರುವರ್ಷವೇ ನಿಯಮ ಬದಲಾಯಿತು: ಬೇರೆ ಕ್ಲಬ್ ಆ ಹುಡುಗನಿಗೆ ಬೆಲೆ ಕೂಗಬಹುದು, ಬೆಳೆಸಿದ ಕ್ಲಬ್ಬು ಅದಕ್ಕೆ ತಕ್ಕಷ್ಟು ಅಂಕ ಕೊಟ್ಟು ಉಳಿಸಿಕೊಳ್ಳಬೇಕು. 2016ರಲ್ಲಿ ಮೂಲನಿವಾಸಿ ಮತ್ತು ವಲಸಿಗ ಕುಟುಂಬಗಳ ಮಕ್ಕಳಿಗಾಗಿ ಎಲ್ಲ ಕ್ಲಬ್ಬುಗಳಿಗೂ ಇನ್ನೊಂದು ಬಗೆಯ ಅಕಾಡೆಮಿ ಬಂತು. 2020ರಲ್ಲಿ ಅಂಥ ಅಕಾಡೆಮಿಯ ಜಮಾರಾ ಉಗ್ಲ್-ಹೇಗನ್ ದೇಶಕ್ಕೇ ಮೊದಲಿಗನಾಗಿ ವೆಸ್ಟರ್ನ್ ಬುಲ್‌ಡಾಗ್ಸ್ ಪಾಲಾದ. ಕೂಡಲೇ ನಿಯಮ ಬಿಗಿಯಾಯಿತು. 2023ರಲ್ಲಿ ಗೋಲ್ಡ್ ಕೋಸ್ಟ್ ಕ್ಲಬ್ ಒಂದೇ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ತನ್ನದೇ ಅಕಾಡೆಮಿಯ ನಾಲ್ವರನ್ನು ಎತ್ತಿಕೊಂಡಿತು. ಮತ್ತೆ ಗಲಾಟೆ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಅವರ ಜಗಳ ಏನೇ ಇರಲಿ, ಅದರ ಬುಡದಲ್ಲಿರುವ ಒಂದು ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ: ಹುಡುಗನನ್ನು ಬೆಳೆಸಿದವನಿಗೆ ಏನಾದರೂ ಸಲ್ಲಬೇಕು. ಎಷ್ಟು ಸಲ್ಲಬೇಕು ಎನ್ನುವುದಷ್ಟೇ ತಕರಾರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಆ ಮೊದಲ ಮಾತೇ ಇನ್ನೂ ಹುಟ್ಟಿಲ್ಲ.

ನಮ್ಮಲ್ಲಿ ಹುಡುಗ ಬೆಳೆಯುವುದು ಹೇಗೆಂದು ನೋಡಬೇಕಾದರೆ ಜುಲೈ ಕೊನೆಗೋ ಆಗಸ್ಟಿನಲ್ಲೋ ಮೇಗುಂದ ಅಥವಾ ಕಿಗ್ಗ ಹೋಬಳಿಯ ಕ್ರೀಡಾಕೂಟಕ್ಕೆ ಒಂದು ದಿನ ಹೋಗಿ ಬನ್ನಿ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಹತ್ತು ಗಂಟೆಯ ಮಳೆಗೆ ಅಳಿಸಿರುತ್ತದೆ. ಕಬಡ್ಡಿ ಅಂಕಣದಲ್ಲಿ ಮರದ ಹೊಟ್ಟು ಸುರಿದು ಕೆಸರು ಮುಚ್ಚಿರುತ್ತಾರೆ. ಎರಡು ಪಂದ್ಯಕ್ಕೆ ಹೊಟ್ಟೂ ಕೆಸರೂ ಒಂದಾಗಿ, ರೈಡಿಗೆ ಹೋದ ಹುಡುಗನ ಕಾಲು ಹಿಡಿದವರಿಗೆ ಹಿಡಿತ ಸಿಗದೆ ಜಾರಿ ಮೂರು ಜನ ಒಟ್ಟಿಗೆ ಗೆರೆಯಾಚೆ ಬೀಳುತ್ತಾರೆ. ಗೆರೆ ಎಲ್ಲಿತ್ತು ಎಂದು ಒಂದು ಸಣ್ಣ ಚರ್ಚೆ. ಶಾಲೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕೊಪ್ಪೆ, ಕೊಡೆಗಳ ರಾಶಿ. ಉದ್ದ ಜಿಗಿತದ ಗುಂಡಿ ಅರ್ಧ ಕೆರೆ. ನೂರು ಮೀಟರ್ ಓಡುವ ಹುಡುಗಿ ಬರಿಗಾಲು. ಆ ನೆಲದಲ್ಲಿ ಅದೇ ವಾಸಿ. ಎಷ್ಟೋ ಚಿಕ್ಕ ಶಾಲೆಗಳಿಗೆ ದೈಹಿಕ ಶಿಕ್ಷಕರೇ ಇಲ್ಲ, ಗಣಿತದ ಮೇಷ್ಟ್ರೇ ಸೀಟಿ ಊದುತ್ತಾರೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಶೃಂಗೇರಿ, ಕೊಪ್ಪದಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಎನ್ನುವುದು ಹೆಸರಿಗೆ ಮಾತ್ರ. ಶಾಲಾ ಕ್ರೀಡೆಯ ವೇಳಾಪಟ್ಟಿ ನಡೆಯುವುದೂ ಆ ತಿಂಗಳುಗಳಲ್ಲೇ. ಇಡೀ ರಾಜ್ಯಕ್ಕೆ ಒಂದೇ ಪಂಚಾಂಗ. ಚಳ್ಳಕೆರೆಯ ಬಿಸಿಲಿಗೂ ಕಿಗ್ಗದ ಮಳೆಗೂ ಅದೇ ತಾರೀಕು.

ಹಾಗಂತ ವ್ಯವಸ್ಥೆ ಎಲ್ಲ ಕಡೆಯೂ ನಮಗೆ ವಿರುದ್ಧವಾಗಿದೆ ಎಂದರೆ ಸುಳ್ಳಾಗುತ್ತದೆ. ಮೊದಲ ಮೆಟ್ಟಿಲಲ್ಲಿ ನಮಗೆ ಲಾಭವೇ ಇದೆ. 2011ರ ಜನಗಣತಿಯಲ್ಲಿ ಶೃಂಗೇರಿ ತಾಲ್ಲೂಕಿನ ಜನಸಂಖ್ಯೆ ನಲವತ್ತು ಸಾವಿರವನ್ನೂ ಮುಟ್ಟಲಿಲ್ಲ. ಅದೇ ಜಿಲ್ಲೆಯ ಕಡೂರು ತಾಲ್ಲೂಕಿನದು ಎರಡೂವರೆ ಲಕ್ಷ ದಾಟಿತ್ತು. ಆದರೆ ತಾಲ್ಲೂಕಿಗೊಂದು ಕಬಡ್ಡಿ ತಂಡ ಎಂದಾಗ ಶೃಂಗೇರಿಗೂ ಒಂದು, ಕಡೂರಿಗೂ ಒಂದು. ಕಡೂರಿನ ಒಬ್ಬ ಹುಡುಗ ಜಿಲ್ಲಾ ಮಟ್ಟಕ್ಕೆ ಬರಬೇಕಾದರೆ ಶೃಂಗೇರಿಯವನಿಗಿಂತ ಎಷ್ಟೋ ಪಟ್ಟು ಜನರನ್ನು ಹಿಂದೆ ಹಾಕಬೇಕು. ಕಡೂರಿನವರು ಇದನ್ನು ಅನ್ಯಾಯ ಎಂದರೆ ಅವರ ಮಾತಿನಲ್ಲೂ ಹುರುಳಿದೆ. ನೆಲಕ್ಕೆ ಸಮಪಾಲೋ, ತಲೆಗೆ ಸಮಪಾಲೋ ಎನ್ನುವ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಯಾವ ದೇಶದಲ್ಲೂ ಸಿಕ್ಕಿಲ್ಲ. ನನ್ನ ಮಟ್ಟಿಗೆ, ಕೆಳಹಂತದಲ್ಲಿ ನೆಲಕ್ಕೆ ಸಮಪಾಲು ಕೊಡುವುದೇ ಸರಿ. ಇಲ್ಲದಿದ್ದರೆ ಶೃಂಗೇರಿಯಂಥ ತಾಲ್ಲೂಕು ಆಟದ ನಕ್ಷೆಯಿಂದಲೇ ಅಳಿದುಹೋಗುತ್ತದೆ.

ಲಾಭ ಅಲ್ಲಿಗೇ ಮುಗಿಯುತ್ತದೆ. ವಿಭಾಗ ಮಟ್ಟಕ್ಕೆ ಹೋದಾಗ ಚಿಕ್ಕಮಗಳೂರು ಜಿಲ್ಲೆಯ ಹನ್ನೊಂದು ಲಕ್ಷದ ಚಿಲ್ಲರೆ ಜನರಿಂದ ಬಂದ ತಂಡ, ಇಪ್ಪತ್ತು ಲಕ್ಷ ದಾಟಿದ ದಕ್ಷಿಣ ಕನ್ನಡ, ಮೂವತ್ತು ಲಕ್ಷದ ಮೈಸೂರು ಜಿಲ್ಲೆಯ ಎದುರು ನಿಲ್ಲಬೇಕು. 2001ರಿಂದ 2011ಕ್ಕೆ ನಮ್ಮ ಜಿಲ್ಲೆಯ ಜನಸಂಖ್ಯೆ ತುಸು ಇಳಿದೇ ಇದೆ. ಮಲೆನಾಡಿನ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹುಡುಗರೇ ಇಲ್ಲದ ಕಡೆ ಹನ್ನೆರಡು ಜನರ ತಂಡ ಕಟ್ಟುವುದು ಹೇಗೆ?

ಇದ್ದವರಲ್ಲಿ ಚುರುಕಾದವರು ಘಟ್ಟ ಇಳಿಯುತ್ತಾರೆ. ಇದು ನಿಜವಾದ ವಿಷಯ. ಶೃಂಗೇರಿಯಿಂದ ಕೆರೆಕಟ್ಟೆ, ಬಜಗೋಳಿ ದಾರಿಯಲ್ಲಿ ಕಾರ್ಕಳ. ಅಲ್ಲಿಂದ ಮೂಡುಬಿದಿರೆ ಹತ್ತಿರ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ಅಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ತರಬೇತುದಾರರಿದ್ದಾರೆ. ಉಜಿರೆಯ ಎಸ್‌ಡಿಎಂ ಸಂಸ್ಥೆಗಳಲ್ಲೂ ವಾಲಿಬಾಲಿಗೆ ಒಳ್ಳೆಯ ನೆಲೆಯಿದೆ. ಹುಡುಗಿಯೊಬ್ಬಳು ತಾಲ್ಲೂಕಿನಲ್ಲಿ ಗೆದ್ದು ಜಿಲ್ಲೆಯಲ್ಲಿ ಯಾರದಾದರೂ ಕಣ್ಣಿಗೆ ಬಿದ್ದಳೋ, ಮುಂದಿನ ಜೂನ್‌ಗೆ ಅವಳ ಟಿಸಿ ಘಟ್ಟದ ಕೆಳಗೆ ಹೋಗಿರುತ್ತದೆ. ತಪ್ಪೇನಿಲ್ಲ. ನಾಲ್ಕು ಎಕರೆಯ ತೋಟವೂ ಇಲ್ಲದ, ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದ ಮಗುವಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ತೆರೆಯಲಾರದು. ಆ ಸಂಸ್ಥೆಗಳನ್ನು ದೂರುವವರು ಆ ಮಗುವಿನ ಅಪ್ಪ-ಅಮ್ಮನ ಎದುರು ನಿಂತು ಮಾತಾಡಬೇಕು.

ಆದರೆ ನಿಯಮ ಏನು ಹೇಳುತ್ತದೆ ನೋಡಿ. ಶಾಲೆ ಯಾವ ತಾಲ್ಲೂಕಿನಲ್ಲಿದೆಯೋ ಮಗು ಆಡುವುದು ಆ ತಾಲ್ಲೂಕಿನ ಪರ. ಹಾಗಾಗಿ ಮರುವರ್ಷ ವಿಭಾಗ ಮಟ್ಟದಲ್ಲಿ ದಕ್ಷಿಣ ಕನ್ನಡದ ಅಂಗಿ ತೊಟ್ಟು ಚಿಕ್ಕಮಗಳೂರನ್ನು ಸೋಲಿಸುವ ತಂಡದಲ್ಲಿ ಕೊಪ್ಪದ ಹುಡುಗಿ ಇರಬಹುದು. ಒಂದೇ ಮೈಸೂರು ವಿಭಾಗದೊಳಗೆ ಎರಡೂ ಜಿಲ್ಲೆಗಳಿರುವುದರಿಂದ ಪೆಟ್ಟು ನೇರ. ಪೇಪರಿನಲ್ಲಿ ಬರುವುದು ಕರಾವಳಿಯ ಶಾಲೆಯ ಹೆಸರು. ಐದನೇ ಕ್ಲಾಸಿನಲ್ಲಿ ಅವಳಿಗೆ ಮೊದಲು ಓಡಲು ಹೇಳಿದ ಶಾಲೆ ಯಾವ ಪಟ್ಟಿಯಲ್ಲೂ ಇಲ್ಲ. ಮುಂದಿನ ವರ್ಷ ಅದೇ ಶಾಲೆಗೆ ಒಂದು ವಾಲಿಬಾಲ್ ನೆಟ್ ಬೇಕೆಂದು ಅರ್ಜಿ ಹಾಕಿದರೆ, ‘ನಿಮ್ಮಲ್ಲಿ ಸಾಧನೆ ಏನಿದೆ?’ ಎಂಬ ಪ್ರಶ್ನೆ ಬರುತ್ತದೆ.

ಸರ್ಕಾರಕ್ಕೆ ಗಡಿ ಹಾಕಿ ಅವಕಾಶ ಕಾಯುವುದು ಗೊತ್ತಿಲ್ಲವೆಂದಲ್ಲ. ಬಾಳೆಹೊನ್ನೂರು ಹತ್ತಿರದ ಸೀಗೋಡಿನ ನವೋದಯ ವಿದ್ಯಾಲಯವೇ ಉದಾಹರಣೆ. ಆರನೇ ತರಗತಿಗೆ ಸೇರಬೇಕಾದರೆ ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ. ಬೆಂಗಳೂರಿನ ಕೋಚಿಂಗ್ ಪಡೆದ ಮಗು ಇಲ್ಲಿಗೆ ಬಂದು ಸೀಟು ಕಿತ್ತುಕೊಳ್ಳುವಂತಿಲ್ಲ. ಓದಿಗೆ ಮಾಡಿದ ಈ ಏರ್ಪಾಡು ಆಟಕ್ಕೆ ಯಾಕಿಲ್ಲ? ಕ್ರೀಡಾ ಇಲಾಖೆಯ ವಸತಿ ನಿಲಯಗಳು ಇವೆ. ಕೊಡಗಿನ ಪೊನ್ನಂಪೇಟೆ, ಕೂಡಿಗೆಗಳಲ್ಲಿ ಹಾಕಿಗೆ, ವಿಜಯಪುರದಲ್ಲಿ ಸೈಕ್ಲಿಂಗಿಗೆ ಇಲಾಖೆಯ ಆಸರೆ ಸಿಕ್ಕಿದೆ. ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆಯೇ ಇದೆ. ಕೊಡಗಿನಲ್ಲಿ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ 1997ರಿಂದ ನಡೆಯುತ್ತಿದೆ. ಊರಿನ ಹುಚ್ಚು ಮತ್ತು ಸರ್ಕಾರದ ಹಣ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ಜಿಲ್ಲೆ ಸಾಕ್ಷಿ. ನಮ್ಮ ಮೂರು ತಾಲ್ಲೂಕುಗಳಲ್ಲೂ ಹುಚ್ಚಿಗೆ ಬರವಿಲ್ಲ. ಕೊಯ್ಲು ಮುಗಿದ ಮೇಲೆ ಊರೂರಿನಲ್ಲಿ ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ. ಗದ್ದೆಯಲ್ಲೇ ಅಂಕಣ. ಬೆಳಗಿನ ಜಾವದವರೆಗೆ ಜನ. ಆ ಅಂಕಣದ ಬದಿಯಲ್ಲಿ ನೋಟ್‌ಬುಕ್ ಹಿಡಿದ ಒಬ್ಬ ಆಯ್ಕೆಗಾರ ಕೂತದ್ದನ್ನು ಯಾರಾದರೂ ನೋಡಿದ್ದರೆ ಹೇಳಿ.

ಕ್ರಿಕೆಟ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿ ವಲಯಗಳು ಕಾಗದದ ಮೇಲೆ ಚೊಕ್ಕವಾಗಿವೆ. ಶಿವಮೊಗ್ಗದ ನವುಲೆಯಲ್ಲಿ ಒಳ್ಳೆಯ ಅಂಗಳವೂ ಇದೆ. 2024ರ ಜನವರಿಯಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್ಲಿನಲ್ಲಿ ಮುಂಬೈ ವಿರುದ್ಧ ಕರ್ನಾಟಕದ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಹೊಡೆದದ್ದು ಅಲ್ಲೇ. ನಮ್ಮ ವಲಯದ ಅಂಗಳದಲ್ಲಿ ಬೆಂಗಳೂರಿನಲ್ಲಿ ತರಬೇತಾದ ಹುಡುಗನ ದಾಖಲೆ. ನೋಡಿ ಚಪ್ಪಾಳೆ ತಟ್ಟಿದೆವು, ತಟ್ಟಬೇಕಾದ್ದೇ. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಒಂದಕ್ಕೆ ಶಿವಮೊಗ್ಗದ ಹೆಸರಿದೆ. ತಂಡಕ್ಕೆ ಊರಿನ ಹೆಸರಿದ್ದರೂ ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರಿನ ಕ್ಲಬ್ಬುಗಳವರು. ಪಂದ್ಯ ನಡೆಯುವುದು ಬೆಂಗಳೂರು, ಮೈಸೂರಿನಲ್ಲಿ. ಟಿವಿಯಲ್ಲಿ ‘ಶಿವಮೊಗ್ಗ’ ಗೆದ್ದಿತು ಎಂದು ಶೃಂಗೇರಿಯ ಹೋಟೆಲಿನಲ್ಲಿ ಕೂತವನು ಖುಷಿಪಟ್ಟರೆ ಅದು ಅವನ ಒಳ್ಳೆಯ ಮನಸ್ಸು.

ನಮ್ಮ ಜಿಲ್ಲೆಯಿಂದ ಭಾರತ ತಂಡ ಮುಟ್ಟಿದ ವೇದಾ ಕೃಷ್ಣಮೂರ್ತಿ ಕಡೂರಿನವರು. ಚಿಕ್ಕ ವಯಸ್ಸಿನಲ್ಲೇ ತರಬೇತಿಗಾಗಿ ಬೆಂಗಳೂರಿಗೆ ಹೋದರು. 2011ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ ಅರ್ಧಶತಕ ಹೊಡೆದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 45 ಎಸೆತಕ್ಕೆ 70 ರನ್. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದವರು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹದಿನೆಂಟಕ್ಕೆ ಬೆಂಗಳೂರು ಸೇರಿದರು. ಈ ಮೂರೂ ಊರುಗಳಿಗೆ ರೈಲಿದೆ, ಗಮನಿಸಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ ಇಂದು ರೈಲಿಲ್ಲ. ಇಲ್ಲಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿ ಅಭ್ಯಾಸ ಮಾಡಿ ಶಾಲೆಯ ಗಂಟೆ ಹೊಡೆಯುವ ಮೊದಲು ಮರಳಿ ಬರುವುದು ಆಗದ ಮಾತು. ವಲಯದ ಗೆರೆ ಎಷ್ಟು ನ್ಯಾಯವಾಗಿದ್ದರೇನು, ಬಸ್ಸಿನ ವೇಳೆ ನ್ಯಾಯವಾಗಿಲ್ಲದಿದ್ದರೆ?

ಹಾಗಾದರೆ ಆಸ್ಟ್ರೇಲಿಯಾದಂತೆ ಹುಡುಗನನ್ನು ಊರಿಗೆ ಕಟ್ಟಿಹಾಕಬೇಕೇ? ಬೇಡವೇ ಬೇಡ. ಡ್ರಾಫ್ಟ್ ಎಂದರೆ ಪರ್ತ್‌ನ ಹದಿನೆಂಟರ ಹುಡುಗ ಎಲ್ಲಿಗೆ ಹೋಗಬೇಕೆಂದು ಕ್ಲಬ್ಬುಗಳು ತೀರ್ಮಾನಿಸುವುದು. ನಮ್ಮ ಮಕ್ಕಳಿಗೆ ಇರುವ ಒಂದೇ ಒಂದು ಸ್ವಾತಂತ್ರ್ಯ, ಒಳ್ಳೆಯ ಕಡೆಗೆ ಹೊರಟುಹೋಗುವುದು. ಅದನ್ನು ಕಿತ್ತುಕೊಂಡು ‘ಜಿಲ್ಲೆಯ ಗೌರವ’ ಕಾಪಾಡುವುದಕ್ಕೆ ಅರ್ಥವಿಲ್ಲ. ಮಗು ಹೋಗಲಿ. ಆದರೆ ಲೆಕ್ಕ ಉಳಿಯಲಿ.

ಲೆಕ್ಕ ಇಡುವ ದಾರಿ ಜಗತ್ತಿಗೆ ಗೊತ್ತಿದೆ. ನಮಗೆಲ್ಲ ಗೊತ್ತಿರುವ ಫುಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫಿಫಾದ ನಿಯಮದಲ್ಲಿ, ಆಟಗಾರನೊಬ್ಬ ಹಣಕ್ಕೆ ಕ್ಲಬ್ ಬದಲಿಸಿ ದೇಶ ದಾಟಿದರೆ ಆ ಹಣದ ಶೇ 5ರಷ್ಟು, ಅವನ ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನೊಳಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಎಲ್ಲೋ ಮೂಲೆಯ ಚಿಕ್ಕ ಕ್ಲಬ್ಬಿಗೂ ಅವನನ್ನು ಇಟ್ಟುಕೊಂಡ ವರ್ಷಗಳಿಗೆ ತಕ್ಕ ಪಾಲು. ನಮ್ಮ ಶಾಲಾ ಕ್ರೀಡೆಯಲ್ಲಿ ಕೋಟಿ ವ್ಯವಹಾರವಿಲ್ಲ ನಿಜ. ಆದರೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದವರಿಗೆ ಸರ್ಕಾರ ನಗದು ಬಹುಮಾನ ಕೊಡುತ್ತದೆ. ಅದರ ಜೊತೆಗೆ, ಗೆದ್ದವರ ಬಹುಮಾನದಿಂದ ಒಂದು ರೂಪಾಯಿಯನ್ನೂ ಕಡಿಯದೆ, ಅವರು ಮೊದಲು ಓದಿದ ಸರ್ಕಾರಿ ಶಾಲೆಗೆ ಒಂದು ಚಿಕ್ಕ ಮೊತ್ತ ಹೋಗಲಿ. ಒಂದು ಜೊತೆ ನೆಟ್, ಒಂದು ಕಬಡ್ಡಿ ಮ್ಯಾಟ್ ಬರುವಷ್ಟು. ಪ್ರಮಾಣಪತ್ರದಲ್ಲಿ ಆ ಶಾಲೆಯ ಹೆಸರೂ ಇರಲಿ. ಇದಕ್ಕೆ ಹೊಸ ಕಾನೂನು ಬೇಡ, ನಮೂನೆಯಲ್ಲಿ ಇನ್ನೊಂದು ಕಾಲಂ ಸಾಕು.

ಇನ್ನೆರಡು ಕೆಲಸ ಇದಕ್ಕಿಂತ ತುರ್ತಿನವು. ಮೂರು ತಾಲ್ಲೂಕುಗಳಿಗೆ ಸೇರಿ ಮಳೆಗಾಲದಲ್ಲೂ ಆಡಬಹುದಾದ ಒಂದಾದರೂ ಸೂರು ಬೇಕು. ಒಳಾಂಗಣ ಕ್ರೀಡಾಂಗಣ ಎಂದು ಕೋಟಿಗಟ್ಟಲೆ ಯೋಜನೆ ಬರೆದು ಕಡತದಲ್ಲಿಡುವುದು ಬೇಡ; ಅಡಿಕೆ ಮಂಡಿಗೆ ಹಾಕುವಂಥ ಎತ್ತರದ ಶೀಟಿನ ಚಪ್ಪರ, ಕೆಳಗೆ ಸಮತಟ್ಟು ನೆಲ ಸಾಕು. ಎರಡನೆಯದು, ಈ ಭಾಗದ ಕ್ರೀಡಾ ವಸತಿ ನಿಲಯದ ಆಯ್ಕೆ ಮಳೆ ಕಳೆದ ಮೇಲೆ ಇಲ್ಲೇ ನಡೆಯಲಿ. ಕೆಸರಲ್ಲಿ ಜಾರಿದವನನ್ನು ನಿಧಾನಿ ಎಂದು ಬರೆದುಕೊಂಡು ಹೋಗುವ ಆಯ್ಕೆ ಆಯ್ಕೆಯಲ್ಲ. ಮೈಸೂರು ವಿಭಾಗವೋ, ಬೆಂಗಳೂರು ವಿಭಾಗವೋ ಎನ್ನುವುದು ಇವೆರಡರ ಮುಂದೆ ಚಿಕ್ಕ ಪ್ರಶ್ನೆ. ಗೆರೆಯನ್ನು ಎಲ್ಲಿ ಎಳೆದರೂ ಗೆರೆಯ ಒಳಗೆ ಏನೂ ಇಲ್ಲದಿದ್ದರೆ ಪ್ರಯೋಜನವಿಲ್ಲ.

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆ ಈ ವರ್ಷವೂ ನಡೆಯುತ್ತದೆ. ಕಳೆದ ಹತ್ತು ವರ್ಷದಲ್ಲಿ ಈ ಶಾಲೆಯಿಂದ ಹೊರಗೆ ಹೋಗಿ ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಿದ ಮಕ್ಕಳ ಪಟ್ಟಿ ಎಲ್ಲಿದೆ ಎಂದು ಕೇಳಿ. ಇರುವುದಿಲ್ಲ. ನೀವೇ ಕೂತು ಬರೆಯಿರಿ, ಮುಖ್ಯಶಿಕ್ಷಕರ ಸಹಿ ಹಾಕಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೂ ಶಾಸಕರಿಗೂ ಒಂದೊಂದು ಪ್ರತಿ ಕೊಡಿ. ಮುಂದಿನ ಸಲ ನೆಟ್ ಕೇಳುವಾಗ ಕೈಯಲ್ಲಿ ಏನಾದರೂ ಇರಲಿ.